ಹೊರೆ ಎತ್ತಿಕೊಡುವ ಕೈ

ನಮ್ಮ ಕಡೆ ಕೆಲಸ ಕೇಳಿಕೊಂಡು ಹೋದ ಗಂಡಸಿಗೆ ಎರಡು ಪ್ರಶ್ನೆ ಬೀಳುತ್ತವೆ. ಒಂದು, ‘ನೀ ಯಾರ ಪೈಕಿ?’ ಇನ್ನೊಂದು, ‘ಲಗ್ನ ಆಗೇತೇನು?’ ಮೊದಲನೆಯದು ಜಾತಿ ಕೇಳುವ ಪ್ರಶ್ನೆ. ಅದರ ವಿರುದ್ಧ ಈ ನಾಡಿನಲ್ಲಿ ಸಂಘ ಕಟ್ಟಿದ್ದಾರೆ, ಲಾಠಿ ಏಟು ತಿಂದಿದ್ದಾರೆ, ಕಾಯ್ದೆ ತಂದಿದ್ದಾರೆ. ಎರಡನೆಯದು ಒಂದು ಪ್ರಶ್ನೆ ಅಂತ ಯಾರಿಗೂ ಅನ್ನಿಸಿಯೇ ಇಲ್ಲ. ಕುಶಲ ವಿಚಾರಿಸಿದ ಹಾಗೆ ಕೇಳುತ್ತಾರೆ. ಇಪ್ಪತ್ತರಲ್ಲಿ ನಗುತ್ತಾ ಕೇಳುತ್ತಾರೆ, ಮೂವತ್ತರಲ್ಲಿ ಹುಬ್ಬು ಗಂಟಿಕ್ಕಿ ಕೇಳುತ್ತಾರೆ, ಮೂವತ್ತೈದರ ಮೇಲೆ ನಮ್ಮನ್ನು ಕೇಳುವುದು ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆ ಮಾತು ಶುರುವಾಯಿತು ಅಂದರೆ ನಮ್ಮ ಕೆಲಸ ಮುಗಿಯುತ್ತಾ ಬಂತು ಅಂತಲೇ ಲೆಕ್ಕ.

ನಾವು ಅಂದರೆ ಕೊಪ್ಪಳ ತಾಲೂಕಿನ ಇರಕಲ್ಲಗಡ ಮತ್ತು ಅದರ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದವರು. ಗಂಡಸರು. ಗಂಡಸರನ್ನೇ ಪ್ರೀತಿಸುವವರು. ನಮ್ಮಲ್ಲಿ ಹೆಚ್ಚಿನವರು ಕೇರಿಯವರು, ಒಂದಿಬ್ಬರು ಊರೊಳಗಿನವರು. ಪುಸ್ತಕದಲ್ಲಿ ನಮ್ಮನ್ನು ಸಲಿಂಗಪ್ರೇಮಿಗಳು ಅನ್ನುತ್ತಾರೆ. ಊರಲ್ಲಿ ಹೆಣ್ಣಿಗ, ಖೋಜಾ, ಚಕ್ಕಾ ಅನ್ನುತ್ತಾರೆ. ಬೈಗುಳಕ್ಕೆ ನಮಗೆ ಬರವಿಲ್ಲ. ಜಾತಿಯದೊಂದು ಕಂತೆ ಇತ್ತು, ಇದು ಎರಡನೆಯ ಕಂತೆ. ಈ ಬರಹಕ್ಕೆ ನಾವು ಹೆಸರು ಹಾಕುತ್ತಿಲ್ಲ. ಹಾಕಿದರೆ ನಾಳೆ ನಮ್ಮಲ್ಲಿ ಯಾರಿಗೂ ಕೆಲಸ ಇರುವುದಿಲ್ಲ. ನಾವು ಹೇಳಬೇಕೆಂದಿರುವುದೂ ಇದನ್ನೇ.

ಪ್ರೀತಿಯ ಬಗ್ಗೆ ಬರೆಯಿರಿ ಅನ್ನುವವರು ಇದ್ದಾರೆ. ಅದನ್ನು ಬರೆಯಲು ಕವಿಗಳಿದ್ದಾರೆ. ನಾವು ಬರೆಯುವುದು ಹೊಟ್ಟೆಯ ಬಗ್ಗೆ.

ನಮ್ಮಂಥವನಿಗೆ ಊರು ಏನೂ ಕೆಲಸ ಕೊಡುವುದಿಲ್ಲ ಅಂತಲ್ಲ, ಕೊಡುತ್ತದೆ. ಯಾವುದು ಅಂತ ಅದೇ ಗೊತ್ತು ಮಾಡುತ್ತದೆ. ತುಂಗಭದ್ರೆಯ ದಂಡೆಯಲ್ಲಿರುವ ಹುಲಿಗಿಯ ಹುಲಿಗೆಮ್ಮ ನಮ್ಮ ಊರುಗಳಿಗೆ ದೂರದ ದೇವತೆಯೇನಲ್ಲ. ಹುಡುಗನ ನಡಿಗೆ ತುಸು ಬಳುಕಿದರೆ, ದನಿ ತುಸು ತೆಳುವಾದರೆ, ‘ಅವನ ಮೈಯಾಗ ಅವ್ವ ಅದಾಳ, ಮುತ್ತು ಕಟ್ಟಿಸಿಬಿಡ್ರಿ’ ಅನ್ನುತ್ತಾರೆ. ಆಮೇಲೆ ಪಡಲಗಿ, ಚೌಡಿಕೆ, ಮನೆಮನೆ ಜೋಗ. ಒಳಗಿನಿಂದ ತನ್ನನ್ನು ಹೆಣ್ಣೆಂದೇ ತಿಳಿದು ಆ ದಾರಿ ಹಿಡಿದ ಜೋಗಮ್ಮಂದಿರು ನಮಗೆ ಅಕ್ಕಂದಿರು. ಅವರ ಸತ್ಯ ಅವರದು. ಆದರೆ ನಾವು ಹೆಣ್ಣಲ್ಲ. ಗಂಡಸಾಗಿಯೇ ಇದ್ದು ಗಂಡಸನ್ನು ಬಯಸುವವನು ಅಂತ ಒಬ್ಬ ಇರುತ್ತಾನೆ ಅನ್ನುವುದು ಊರಿನ ಲೆಕ್ಕದಲ್ಲೇ ಇಲ್ಲ. ಆ ಲೆಕ್ಕದಲ್ಲಿ ಇರುವುದು ಒಂದೇ ಖಾನೆ. ಎಲ್ಲರನ್ನೂ ಅದರಲ್ಲೇ ತುರುಕುತ್ತಾರೆ. 1982ರ ದೇವದಾಸಿ ನಿಷೇಧ ಕಾಯ್ದೆಯೂ ಹೆಣ್ಣುಮಕ್ಕಳ ಮಾತನ್ನಷ್ಟೇ ಆಡಿತ್ತು. ಮುತ್ತು ಕಟ್ಟಿಸಿಕೊಳ್ಳುವ ಗಂಡುಹುಡುಗನ ಕಡೆ ಅದು ಕಣ್ಣೆತ್ತಿ ನೋಡಲಿಲ್ಲ.

ಇನ್ನೊಂದು ಕೆಲಸ ಬಣ್ಣದ್ದು. ದೊಡ್ಡಾಟದಲ್ಲಿ, ನಾಟಕದಲ್ಲಿ ಹೆಣ್ಣು ಪಾತ್ರ. ರಾತ್ರಿ ಸೀರೆ ಉಟ್ಟು ರಂಗದ ಮೇಲೆ ಬಂದರೆ ಗೌಡರೂ ಆಯಾರ ಹಾಕುತ್ತಿದ್ದರು. ಬೆಳಗಾದ ಮೇಲೆ ಅದೇ ಮನುಷ್ಯ ಅದೇ ಗೌಡರ ಕಟ್ಟೆಯ ಮುಂದೆ ತಲೆ ತಗ್ಗಿಸಿ ಹಾಯಬೇಕು. ಹುಲಿಗಿಯಲ್ಲೇ ಮುತ್ತು ಕಟ್ಟಿಸಿಕೊಂಡ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ದಿನ ನಮಗೂ ಹಬ್ಬವೇ ಆಗಿತ್ತು. ಆದರೆ ಆ ಎತ್ತರಕ್ಕೆ ಅವರು ಏರಿದ್ದು ಊರು ತೋರಿಸಿದ ಒಂದೇ ಏಣಿಯಿಂದ, ಹಸಿದ ಹೊಟ್ಟೆಯಲ್ಲಿ, ಒಬ್ಬರೇ. ‘ನಿನಗ ಯಾವ ಕೆಲಸ ಬೇಕವ್ವಾ?’ ಅಂತ ಅವರಂಥವರನ್ನು ಈ ಸಮಾಜ ಎಂದೂ ಕೇಳಿಲ್ಲ.

ಜಾತಿ ಅನ್ನುವುದು ಕೆಲಸವನ್ನು ಹಂಚಿದ್ದಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಬೇರೆ ಬೇರೆ ಗೂಡಿಗೆ ಕಟ್ಟಿಹಾಕಿದ್ದು ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ನಮ್ಮ ಬದುಕಿಗೆ ಅದನ್ನು ಹಚ್ಚಿ ನೋಡಿದರೆ ಎಲ್ಲ ಅರ್ಥವಾಗುತ್ತದೆ. ಅಪ್ಪನ ಜಾತಿ ನೋಡಿ ಚರ್ಮ, ಕಸ, ಹಲಗೆ ಕೊಟ್ಟ ಊರೇ ನಡಿಗೆ ನೋಡಿ ಪಡಲಗಿ ಕೊಡುತ್ತದೆ. ಎರಡನ್ನೂ ದೇವರ ಇಚ್ಛೆ ಅನ್ನುತ್ತದೆ. ಕೊಟ್ಟದ್ದನ್ನು ಬಿಟ್ಟು ಬೇರೆ ಕೆಲಸಕ್ಕೆ ಕೈ ಚಾಚಿದರೆ ಆ ಕೈಯನ್ನು ಮುರಿಯುತ್ತದೆ.

ನಾವು ಕೈ ಚಾಚಿದೆವು. ಏನಾಯಿತು ಅನ್ನುವುದನ್ನು ಹೇಳುತ್ತೇವೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿಯ ಕಡೆ ಭತ್ತ ಬೆಳೆಸಿತು, ರೈಸ್ ಮಿಲ್ಲುಗಳನ್ನು ಎಬ್ಬಿಸಿತು. ನಮ್ಮದು ಸಜ್ಜೆ, ಜೋಳ, ಶೇಂಗಾದ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಹಮಾಲಿಗೆ ಅತ್ತ ಹೋಗುತ್ತೇವೆ. ಅಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಅಷ್ಟು ಭಾರವನ್ನು ಯಾರೂ ತಾನೇ ಎತ್ತಿ ತನ್ನ ಬೆನ್ನಿಗೆ ಹಾಕಿಕೊಳ್ಳಲಾರ. ಇಬ್ಬರು ಎರಡು ಕಡೆ ಹಿಡಿದು ಎತ್ತಿಕೊಡಬೇಕು, ಮೂರನೆಯವ ಬಗ್ಗಿ ಬೆನ್ನು ಕೊಡಬೇಕು. ಟೋಳಿಯ ಲೆಕ್ಕದಲ್ಲಿ ಕೂಲಿ, ಸಂಜೆಗೆ ಸಮನಾಗಿ ಹಂಚಿಕೆ. ನಮ್ಮಲ್ಲಿ ಒಬ್ಬ ಆರು ವರ್ಷ ಅಲ್ಲಿ ಚೀಲ ಹೊತ್ತ. ಬಲದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಒಂದು ದಿನ ಅವನ ಮತ್ತು ಒಬ್ಬ ಲಾರಿ ಡ್ರೈವರನ ಸುದ್ದಿ ಟೋಳಿಗೆ ತಿಳಿಯಿತು. ಮರುದಿನ ಅವನು ಬಗ್ಗಿ ಬೆನ್ನು ಕೊಟ್ಟು ನಿಂತ. ಯಾರೂ ಚೀಲ ಎತ್ತಿಕೊಡಲಿಲ್ಲ. ಒಬ್ಬರೂ ಬೈಯಲಿಲ್ಲ, ಹೊಡೆಯಲಿಲ್ಲ. ಪಕ್ಕದವನ ಬೆನ್ನಿಗೆ ಎತ್ತಿದರು, ಅವನ ಹಿಂದಿನವನಿಗೆ ಎತ್ತಿದರು, ಇವನನ್ನು ದಾಟಿಕೊಂಡು ಹೋದರು. ಸಂಜೆ ಮೇಸ್ತ್ರಿ ಹೇಳಿದ: ‘ನಾ ಏನ್ ಬ್ಯಾಡ ಅಂದೀನೇನಪಾ? ನಿಂಗ ಚೀಲ ಎತ್ತಿಕೊಡಾವ್ರು ಯಾರೂ ಇಲ್ಲ. ಏನ್ ಮಾಡ್ಲಿ?’

ಆ ಟೋಳಿಯಲ್ಲಿ ನಾಲ್ಕಾರು ಜಾತಿಯವರಿದ್ದರು. ಚೀಲದ ಹತ್ತಿರ ಜಾತಿ ಸಡಿಲವಾಗಿತ್ತು. ಒಂದೇ ಚೀಲದ ಎರಡು ಮೂಲೆ ಎರಡು ಜಾತಿಯ ಕೈಯಲ್ಲಿರುತ್ತಿತ್ತು. ಇವನ ಚೀಲದಿಂದ ಮೊದಲು ಕೈ ತೆಗೆದವನು ಮೇಲ್ಜಾತಿಯವನಲ್ಲ, ನಮ್ಮ ಕೇರಿಯವನೇ, ಇವನು ‘ಕಾಕಾ’ ಅನ್ನುತ್ತಿದ್ದ ಮನುಷ್ಯ. ಮುಟ್ಟಿಸಿಕೊಳ್ಳದವನು ಅನ್ನುವ ನೋವು ಏನು ಅಂತ ಆ ಕಾಕಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಿಣಿಗೇರಿಯ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ನಮ್ಮ ಹುಡುಗರು ಸೈಕಲ್ಲು, ಬೈಕು ಹತ್ತಿ ಅಲ್ಲಿಗೂ ಹೋದರು. ಕೆಲಸ ಕಂಪನಿಯದಲ್ಲ, ಗುತ್ತಿಗೆದಾರನದು. ಗುತ್ತಿಗೆ ಕೂಲಿಯನ್ನು ವಜಾ ಮಾಡುವುದಿಲ್ಲ, ಗೇಟ್‌ಪಾಸ್ ಕಿತ್ತುಕೊಂಡು ‘ನಾಳಿಂದ ಬರಬ್ಯಾಡ’ ಅನ್ನುತ್ತಾರೆ. ಕಾಗದವಿಲ್ಲ, ಕಾರಣವಿಲ್ಲ, ಸಾಕ್ಷಿಯಿಲ್ಲ. ಸುಪರ್‌ವೈಸರ್ ಹಗಲು ಎಲ್ಲರೆದುರು ‘ಏನ್ ಅಕ್ಕಾರ’ ಅಂತ ನಗಾಡುತ್ತಿದ್ದ. ರಾತ್ರಿ ಪಾಳಿಯಲ್ಲಿ ಅವನೇ ಬಂದು ಕೈ ಹಿಡಿದು ಎಳೆಯುತ್ತಿದ್ದ. ಬೇಡ ಅಂದ ವಾರದಲ್ಲೇ ಗೇಟ್‌ಪಾಸ್ ಹೋಯಿತು. ಈ ದೂರನ್ನು ಎಲ್ಲಿಗೆ ಒಯ್ಯಬೇಕು? ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಹೆಂಗಸರ ದೂರನ್ನು ಮಾತ್ರ ಕೇಳುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ನ್ಯಾಯಸಂಹಿತೆ ಬಂತು. ಗಂಡಸಿನ ಮೇಲೆ ಗಂಡಸು ಬಲಾತ್ಕಾರ ಮಾಡಿದರೆ ದಾಖಲಿಸಲು ಇದ್ದ 377ನೇ ಕಲಮಿನ ಉಳಿದ ಭಾಗವನ್ನೂ ಅದರಲ್ಲಿ ಕೈಬಿಟ್ಟರು. ನಮ್ಮನ್ನು ಜೈಲಿಗೆ ಹಾಕಲು ನೂರೈವತ್ತು ವರ್ಷ ಇದ್ದ ಕಲಂ ನಮ್ಮನ್ನು ಕಾಯಬೇಕಾದ ಹೊತ್ತಿಗೆ ಕಾಣೆಯಾಯಿತು.

ಓದಿದರೆ ಪಾರಾಗಬಹುದು ಅಂತ ನಮ್ಮಲ್ಲೊಬ್ಬ ಓದಿದ. ಡಿ.ಎಡ್., ಆಮೇಲೆ ಪದವಿ. ಕಾಯಂ ನೌಕರಿ ಸಿಗುವವರೆಗೆ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ. ಅತಿಥಿ ಅನ್ನುವ ಮಾತಿನ ಚೆಂದ ನೋಡಿ. ಎದ್ದು ಹೋಗು ಅಂದ ದಿನ ಎದ್ದು ಹೋಗಬೇಕಾದವನು. ಪ್ರತಿ ಜೂನ್ ತಿಂಗಳು ಹೊಸದಾಗಿ ಕರೆಯಬೇಕು. ಮೂರು ವರ್ಷ ಕರೆದರು. ಮಕ್ಕಳಿಗೆ ಗಣಿತದಲ್ಲಿ ಅಂಕ ಬಂದವು. ನಾಲ್ಕನೆಯ ವರ್ಷ ಊರಿನ ಹಿರಿಯರೊಬ್ಬರು ಮುಖ್ಯಗುರುಗಳ ಕಿವಿಯಲ್ಲಿ ಹೇಳಿದರು: ‘ಮಾಸ್ತರ ಚಲೋ ಅದಾನ್ರಿ, ಆದ್ರ ಗಂಡುಹುಡುಗರು ಇರೂ ಸಾಲಿ ನೋಡ್ರಿ.’ ಅಷ್ಟೇ. ಹೆಂಗಸರನ್ನು ಬಯಸುವ ಮಾಸ್ತರನ ಕೈಗೆ ಹೆಣ್ಣುಮಕ್ಕಳನ್ನು ಒಪ್ಪಿಸುವಾಗ ಯಾರ ಕಿವಿಯಲ್ಲೂ ಯಾರೂ ಏನೂ ಹೇಳುವುದಿಲ್ಲ. ಗಂಡಸನ್ನು ಪ್ರೀತಿಸುವವನು ಅಂದರೆ ಮಕ್ಕಳನ್ನು ಕೆಡಿಸುವವನು ಅಂತ ತೀರ್ಪು ಬರೆದವರು ಯಾರು? ಆ ಜೂನ್‌ನಲ್ಲಿ ಅವನಿಗೆ ಕರೆ ಬರಲಿಲ್ಲ. ಈಗ ಅವನು ಕೊಪ್ಪಳದಲ್ಲಿ ಜೆರಾಕ್ಸ್ ಅಂಗಡಿಯಲ್ಲಿದ್ದಾನೆ.

ಅದೇ ಜೂನ್ ತಿಂಗಳಲ್ಲಿ ಬೆಂಗಳೂರಿನ ದೊಡ್ಡ ಕಂಪನಿಗಳು ಕಾಮನಬಿಲ್ಲಿನ ಬಾವುಟ ಕಟ್ಟುತ್ತವೆ. ನಮ್ಮಲ್ಲೊಬ್ಬ ಅಂಥ ಕಟ್ಟಡವೊಂದರಲ್ಲಿ ನೆಲ ಒರೆಸುತ್ತಾನೆ. ಬಾವುಟ ಕಟ್ಟಿದವನೂ ಅವನೇ, ಏಣಿ ಹಿಡಿದವನೂ ಅವನೇ. ಒಳಗಿನ ನೌಕರರಿಗೆ ಕಂಪನಿಯ ನಿಯಮ ಇದೆಯಂತೆ: ಯಾರನ್ನೂ ಹೀಗಂತ ಹೀನೈಸಬಾರದು ಅಂತ. ಒಳ್ಳೆಯದೇ. ಆದರೆ ಆ ನಿಯಮ ಕೊರಳಲ್ಲಿ ಕಂಪನಿಯ ಕಾರ್ಡು ಇದ್ದವರಿಗೆ. ನೆಲ ಒರೆಸುವವನ ಕೊರಳಲ್ಲಿ ಇರುವುದು ಏಜೆನ್ಸಿಯ ಕಾರ್ಡು. ಏಜೆನ್ಸಿಯ ಕೋಣೆಯಲ್ಲಿ ಹನ್ನೆರಡು ಜನ ಒಟ್ಟಿಗೆ ಮಲಗುತ್ತಾರೆ. ಅಲ್ಲಿ ಇವನ ಗುಟ್ಟು ಬಯಲಾದರೆ ಕೆಲಸದ ಜೊತೆ ಚಾಪೆಯೂ ಹೋಗುತ್ತದೆ. ಬಾಡಿಗೆ ಕೋಣೆ ಹುಡುಕಲು ಹೋದರೆ ಮತ್ತೆ ಅವೇ ಎರಡು ಪ್ರಶ್ನೆ: ಯಾವ ಜನ? ಬ್ಯಾಚುಲರ್ ಏನು?

ಈಗ ಇನ್ನೊಂದು ದಂಧೆ ಹುಟ್ಟಿದೆ. ಮೊಬೈಲಿನಲ್ಲಿ ಗೆಳೆತನ ಮಾಡಿ, ಕರೆಸಿ, ಬಟ್ಟೆ ಬಿಚ್ಚಿಸಿ, ಫೋಟೋ ಹಿಡಿಯುವುದು. ಆಮೇಲೆ ಅವರು ಹಾಕುವ ಬೆದರಿಕೆ ಪೊಲೀಸರದಲ್ಲ. ‘ನಿನ್ನ ಮ್ಯಾನೇಜರಗ ಕಳಸ್ತೀವಿ’ ಅನ್ನುತ್ತಾರೆ. ಕಳ್ಳರಿಗೂ ಗೊತ್ತಿದೆ, ಕಾನೂನು ಬದಲಾಯಿತು, ಆಫೀಸು ಬದಲಾಗಿಲ್ಲ. ತಿಂಗಳ ಸಂಬಳ ಕೊಟ್ಟು ಬಾಯಿ ಮುಚ್ಚಿಸಿದವರು ನಮ್ಮಲ್ಲಿ ಇದ್ದಾರೆ.

ಕಾನೂನಿನ ಕತೆಯನ್ನೂ ನೋಡೋಣ. ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಮನ್ನು 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಸಡಿಲಿಸಿತು. ಒಪ್ಪಿಗೆಯಿಂದ ಕೂಡಿದ ವಯಸ್ಕರು ಅಪರಾಧಿಗಳಲ್ಲ ಅಂದಿತು. ಏಳು ತಿಂಗಳ ಮೇಲೆ, 2010ರ ಫೆಬ್ರುವರಿಯಲ್ಲಿ, ಅಲೀಗಢ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರಾಧ್ಯಾಪಕ ರಾಮಚಂದ್ರ ಸಿರಾಸರ ಮನೆಯೊಳಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಅವರ ಜೊತೆಗಿದ್ದವನು ಒಬ್ಬ ರಿಕ್ಷಾ ಎಳೆಯುವವ. ಮರುದಿನವೇ ಪ್ರಾಧ್ಯಾಪಕರನ್ನು ಅಮಾನತು ಮಾಡಿದರು. ಅಲಹಾಬಾದ್ ಹೈಕೋರ್ಟು ಏಪ್ರಿಲ್ 1ರಂದು ಆ ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಸಿರಾಸರು ಹೆಣವಾಗಿ ಸಿಕ್ಕರು. ಅಪರಾಧವಲ್ಲ ಎಂದು ಕೋರ್ಟು ಹೇಳಿದ್ದ ಕಾಲದಲ್ಲೇ ನೌಕರಿ ಹೋಯಿತು. ಇನ್ನು ಆ ರಿಕ್ಷಾದವನು? ಅವನಿಗೆ ಅಮಾನತು ಆದೇಶವೂ ಇಲ್ಲ, ತಡೆಯಾಜ್ಞೆಯೂ ಇಲ್ಲ. ದೇಶವೆಲ್ಲ ಪ್ರಾಧ್ಯಾಪಕರಿಗಾಗಿ ಮರುಗಿತು, ಮರುಗಬೇಕಾದದ್ದೇ. ರಿಕ್ಷಾದವನು ಮರುದಿನ ಎಲ್ಲಿ ದುಡಿದ, ಏನು ಉಂಡ ಅಂತ ಕೇಳುವ ಕೆಲಸ ನಮ್ಮಂಥವರಿಗೇ ಉಳಿಯಿತು.

2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಲಮಿಗೆ ಮತ್ತೆ ಜೀವ ಕೊಟ್ಟಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ತನ್ನ ಮಾತನ್ನು ತಿದ್ದಿಕೊಂಡಿತು. ಆವತ್ತು ಮಲಗುವ ಕೋಣೆಯ ಬಾಗಿಲು ತೆರೆಯಿತು. ಕಾರ್ಖಾನೆಯ ಗೇಟು ತೆರೆಯಲಿಲ್ಲ. ಸಂವಿಧಾನದ 15, 16ನೇ ವಿಧಿಗಳು ಸರಕಾರಿ ನೌಕರಿಯಲ್ಲಿ ನಮ್ಮ ಬೆನ್ನಿಗೆ ನಿಲ್ಲಬಹುದು. ರೈಸ್ ಮಿಲ್ಲಿಗೆ, ಗುತ್ತಿಗೆದಾರನಿಗೆ, ಏಜೆನ್ಸಿಗೆ ಅವು ತಟ್ಟುವುದಿಲ್ಲ. ಲಿಂಗಾಂತರಿಗಳನ್ನು ಕೆಲಸದಲ್ಲಿ ಭೇದ ಮಾಡಬಾರದು ಎಂದು 2019ರಲ್ಲಿ ಕಾಯ್ದೆ ಬಂತು. 2021ರಲ್ಲಿ ಕರ್ನಾಟಕ ಸರಕಾರ ತನ್ನ ನೌಕರಿಗಳಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಅದಕ್ಕಾಗಿ ಬೀದಿಯಲ್ಲಿ, ಕೋರ್ಟಿನಲ್ಲಿ ಹೋರಾಡಿದ ಅಕ್ಕಂದಿರಿಗೆ ನಮ್ಮ ಶರಣು. ಗಂಡಸನ್ನು ಪ್ರೀತಿಸುವ ಗಂಡಸಿಗೆ ಖಾಸಗಿ ಕೆಲಸದಲ್ಲಿ ರಕ್ಷಣೆ ಕೊಡುವ ಒಂದು ಸಾಲೂ ಇಲ್ಲ. ಇದು ಬಡವರ ಪಾಡು ಮಾತ್ರ ಅಂದುಕೊಳ್ಳಬೇಡಿ. ವಕೀಲ ಸೌರಭ್ ಕೃಪಾಲ್ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರ ಮಗ. ಅವರನ್ನು ನ್ಯಾಯಮೂರ್ತಿ ಮಾಡಿರೆಂದು 2017ರಲ್ಲಿ ದೆಹಲಿ ಹೈಕೋರ್ಟಿನಿಂದ ಶಿಫಾರಸು ಹೋಯಿತು. 2021ರಲ್ಲಿ ಸುಪ್ರೀಂ ಕೋರ್ಟಿನ ಕೊಲಿಜಿಯಂ ಹೇಳಿತು, 2023ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿತು. ಆಗಲೂ ಸರಕಾರದ ಆಕ್ಷೇಪದಲ್ಲಿ ಇದ್ದ ಒಂದು ಮಾತು ಅವರು ತಮ್ಮ ಪ್ರೀತಿಯನ್ನು ಮುಚ್ಚಿಡದಿರುವುದು. ಅಷ್ಟು ಎತ್ತರದ ಮನೆಯವರಿಗೇ ಹೀಗೆ.

ಕೇರಿಯವರಾದ ನಮಗೆ ಇದರಲ್ಲಿ ಇನ್ನೊಂದು ಗಂಟು ಇದೆ. ಜಾತಿ ಎತ್ತಿ ಬೈದರೆ 1989ರ ಕಾಯ್ದೆ ಇದೆ, ಠಾಣೆಯ ಮುಂದೆ ಕೂಡಲು ಸಂಘ ಇದೆ, ಮನೆಗೆ ಬಂದರೆ ಅಳಲು ಅವ್ವನ ಮಡಿಲಿದೆ. ಈ ಅವಮಾನಕ್ಕೆ ದೂರು ಕೊಡಬೇಕಾದರೆ ಮೊದಲು ನಮ್ಮನ್ನು ನಾವೇ ಬಯಲು ಮಾಡಿಕೊಳ್ಳಬೇಕು. ಆಗ ಮೊದಲ ಏಟು ಬೀಳುವುದು ಅದೇ ಅವ್ವನ ಮನೆಯಲ್ಲಿ. ಮೀಸಲಾತಿಯಲ್ಲಿ ನೌಕರಿ ಪಡೆದವನಿಗೆ ಆಫೀಸಿನಲ್ಲಿ ಮೊದಲೇ ಬೆನ್ನ ಹಿಂದೆ ಮಾತು ಇರುತ್ತದೆ. ಅದರ ಮೇಲೆ ಈ ಮಾತೂ ಸೇರಿದರೆ ಅವನು ಬಡ್ತಿಯ ಹತ್ತಿರ ಸುಳಿಯುವುದಿಲ್ಲ. ಹಿರಿಯ ಅಧಿಕಾರಿಯ ಕಣ್ಣಿಗೆ ಬೀಳದ ಮೂಲೆಯ ಟೇಬಲನ್ನು ತಾನೇ ಕೇಳಿ ಪಡೆಯುತ್ತಾನೆ. ಹೊರಗೆ ಕಾಣುವ ತಡೆಗೋಡೆ ಒಂದಾದರೆ, ಅದನ್ನು ನೋಡಿ ನೋಡಿ ಒಳಗೇ ಎದ್ದ ಗೋಡೆ ಇನ್ನೊಂದು.

ಅದಕ್ಕೇ ಮದುವೆ. ‘ಲಗ್ನ ಮಾಡ್ಕೊಂಡುಬಿಡು ತಮ್ಮಾ, ಮಂದಿ ಬಾಯಿ ಮುಚ್ಚತೈತಿ.’ ಮಂದಿಯ ಬಾಯಿ ಮುಚ್ಚಿಸಲು ಒಬ್ಬ ಹೆಣ್ಣುಮಗಳ ಬಾಳನ್ನು ಬಟ್ಟೆ ಮಾಡಿ ತುರುಕುವ ಏರ್ಪಾಡು ಇದು. ಇದಕ್ಕೆ ಅಪ್ಪ, ಅವ್ವ, ದೈವ, ಜಂಗಮರು, ಮೌಲ್ವಿಗಳು ಎಲ್ಲರ ಒಪ್ಪಿಗೆ ಇದೆ. ಆ ಹೆಣ್ಣುಮಗಳ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಮದುವೆಯಾಗದೆ ಇಬ್ಬರು ಗಂಡಸರು ಹತ್ತು ಹದಿನೈದು ವರ್ಷ ಒಂದೇ ಸೂರಿನಡಿ ಬಾಳಿದರೂ ಕಾಗದದ ಮೇಲೆ ಅವರು ಒಬ್ಬರಿಗೊಬ್ಬರು ಯಾರೂ ಅಲ್ಲ. 1952ರ ಭವಿಷ್ಯನಿಧಿ ಯೋಜನೆ ಗಂಡುನೌಕರನ ಕುಟುಂಬ ಅಂತ ಬರೆದದ್ದು ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಇವರನ್ನು. ಸಂಗಾತಿಗೆ ಅನುಕಂಪದ ನೌಕರಿಯೂ ಇಲ್ಲ, ಪಿಂಚಣಿಯೂ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 2024ರಲ್ಲಿ ಕೇಂದ್ರ ಸರಕಾರ ರೇಷನ್ ಕಾರ್ಡಿನಲ್ಲಿ ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಎಣಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು ಅಂದಿತು. ಅಕ್ಕಿಯನ್ನು ಒಟ್ಟಿಗೆ ತರಬಹುದು. ದುಡಿದವನು ಸತ್ತರೆ ಅವನ ದುಡಿಮೆಯ ಗಂಟು ಮಾತ್ರ ತಾನಾಗಿ ಉಳಿದವನಿಗೆ ಸಲ್ಲದು.

ಸಂಗಾತಿಗಳೇ, ಈ ಮಾತುಗಳನ್ನು ಸರಕಾರಕ್ಕೆ ಬರೆಯುವ ಮೊದಲು ಈ ಪತ್ರಿಕೆಗೆ ಬರೆಯುತ್ತಿದ್ದೇವೆ. ಕಾರಣ ಇದೆ. ನಾವು ನಿಮ್ಮ ಮೆರವಣಿಗೆಯಲ್ಲಿ ಹಲಗೆ ಬಾರಿಸಿದವರು. ಬ್ಯಾನರ್ ಹಿಡಿದವರು. ಕೆಲಸ ಮಾಡದ ಅಧಿಕಾರಿಯ ಮೇಜಿನ ಮೇಲೆ ನೀವು ಬಳೆ ಇಟ್ಟು ‘ತೊಟ್ಕೋರಿ, ನೀವೇನ್ ಗಂಡಸರೇನ್ರಿ?’ ಅಂತ ಕೂಗಿದಾಗ ನಿಮ್ಮ ಹಿಂದೆಯೇ ನಿಂತಿದ್ದೆವು. ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮ ಕೈ ಏಳಲಿಲ್ಲ. ಹೆಣ್ಣಾಗುವುದು ಅವಮಾನ, ಗಂಡಸ್ತನವೇ ಹೋರಾಟ ಎಂದು ಯಾವ ಬುದ್ಧ ಹೇಳಿದ, ಯಾವ ಬಸವಣ್ಣ ಹೇಳಿದ, ಯಾವ ಅಂಬೇಡ್ಕರ್ ಹೇಳಿದರು?

1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಂದಿತು. ಅದಕ್ಕೂ ಎರಡು ವರ್ಷ ಮೊದಲು, 1970ರ ಆಗಸ್ಟಿನಲ್ಲಿ, ಆ ಪಕ್ಷದ ನಾಯಕ ಹ್ಯೂಯಿ ನ್ಯೂಟನ್ ತನ್ನವರಿಗೆ ತಿಳಿಹೇಳಿದ್ದ: ಸಲಿಂಗಪ್ರೇಮಿಗಳೂ ತುಳಿತಕ್ಕೆ ಸಿಕ್ಕವರೇ, ಅವರ ಹೆಸರನ್ನು ಬೈಗುಳ ಮಾಡಬೇಡಿ, ಅವರೊಂದಿಗೆ ಕೈ ಜೋಡಿಸಿ ಅಂತ. ಪ್ಯಾಂಥರ್ ಎಂಬ ಹೆಸರು ನಮ್ಮ ದೇಶಕ್ಕೆ ಬಂತು. ಈ ಮಾತು ಬರಲಿಲ್ಲ. 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಕೂಡ ನಮ್ಮಂಥವನೇ. ಅದೇ ಕಾರಣಕ್ಕೆ ಅವನನ್ನು ಚಳವಳಿಯವರೇ ಹಿಂದಕ್ಕೆ ನಿಲ್ಲಿಸಿದರು. ನಮ್ಮ ಪಕ್ಕದ ಸಂಡೂರಿನ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಬರೆದರು. ಅದರ ಲೋಕ ನಗರದ ನೌಕರಿಯ ಲೋಕ. ಹಮಾಲಿಯ, ಗುತ್ತಿಗೆ ಕೂಲಿಯ ಮೋಹನಸ್ವಾಮಿಗಳು ಇನ್ನೂ ಕನ್ನಡಕ್ಕೆ ಬರಬೇಕಾಗಿದೆ. ಬಂಡಾಯದ ಪತ್ರಿಕೆಯಲ್ಲಿ ಬರದೆ ಅವರು ಇನ್ನೆಲ್ಲಿ ಬರಬೇಕು?

ನಾವು ಕರುಣೆ ಕೇಳುತ್ತಿಲ್ಲ. ಖಾಸಗಿ ಮತ್ತು ಗುತ್ತಿಗೆ ಕೆಲಸದಲ್ಲೂ ಈ ಕಾರಣಕ್ಕೆ ಯಾರನ್ನೂ ತೆಗೆಯಬಾರದು ಎಂಬ ಕಾಯ್ದೆ ಬೇಕು. ಅತಿಥಿ ಶಿಕ್ಷಕನನ್ನಾಗಲಿ ಗುತ್ತಿಗೆ ಕೂಲಿಯನ್ನಾಗಲಿ ಕೈಬಿಟ್ಟರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಹೆಸರು ಬಯಲಾಗದಂತೆ ದೂರು ಕೊಡುವ ಜಾಗ ಬೇಕು. ಗಂಡಸಿನ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಕಾನೂನು ಬೇಕು. ಇವು ಸರಕಾರದಿಂದ ಆಗಬೇಕಾದವು, ತಡವಾಗುತ್ತವೆ. ತಡವಾಗದೆ ಆಗಬಹುದಾದದ್ದು ಒಂದಿದೆ. ಹಮಾಲರ ಸಂಘ, ಕಟ್ಟಡ ಕಾರ್ಮಿಕರ ಸಂಘ, ಪೌರಕಾರ್ಮಿಕರ ಸಂಘ, ನಮ್ಮ ದಲಿತ ಸಂಘಟನೆಗಳು ಮುಂದಿನ ಸಭೆಯಲ್ಲೇ ಒಂದು ಠರಾವು ಬರೆದುಕೊಳ್ಳಲಿ: ಯಾರನ್ನು ಪ್ರೀತಿಸುತ್ತಾನೆ ಅನ್ನುವ ಕಾರಣಕ್ಕೆ ನಮ್ಮ ಟೋಳಿಯಿಂದ ಯಾರನ್ನೂ ಹೊರಗೆ ಹಾಕುವುದಿಲ್ಲ. ಇದಕ್ಕೆ ದೆಹಲಿಯ ಸಹಿ ಬೇಡ, ಬೆಂಗಳೂರಿನ ಆದೇಶ ಬೇಡ. ಚೀಲದ ಎರಡು ಕಡೆ ನಿಂತ ಇಬ್ಬರು ಮನಸ್ಸು ಮಾಡಿದರೆ ಸಾಕು.

ಆ ಕಾಕಾ ಇನ್ನೂ ಅದೇ ಮಿಲ್ಲಿನಲ್ಲಿದ್ದಾನೆ. ಅವನಿಗೂ ವಯಸ್ಸಾಗಿದೆ. ಅವನ ಮೇಲೆ ನಮಗೆ ಸಿಟ್ಟಿಲ್ಲ, ಒಂದು ಪ್ರಶ್ನೆ ಇದೆ. ಅಕ್ಷರ ಬಲ್ಲವರು ಯಾರಾದರೂ ಇದನ್ನು ಅವನಿಗೆ ಓದಿ ಹೇಳಲಿ.